ಮಾಡುವುದನ್ನು ನೋಡಿ ಕಲಿಯುವುದು

ಕಟ್ಟಿ ಮುಗಿದ ಮನೆಯನ್ನು ಎಷ್ಟು ಹೊತ್ತು ನೋಡಿದರೂ ಅದನ್ನು ಕಟ್ಟಿದ ಬಗೆ ತಿಳಿಯದು. ಗಣಕಯಂತ್ರಕ್ಕಾಗಿ ಬರೆಯುವ ಕ್ರಮವಿಧಿಯೂ ಹಾಗೆಯೇ. ಪ್ರೋಗ್ರಾಮ್ ಎಂದು ಎಲ್ಲರೂ ಕರೆಯುವ ಈ ಆದೇಶಗಳ ಸರಣಿಯನ್ನು ಎಷ್ಟೋ ವಿದ್ಯಾರ್ಥಿಗಳು ಕರಿಹಲಗೆಯಿಂದ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಾರೆ. ತಪ್ಪಿಲ್ಲದ ಆ ಹತ್ತು ಸಾಲುಗಳನ್ನು ಕಂಡು, ಬಲ್ಲವರು ಅದನ್ನು ಒಂದೇ ಉಸಿರಿಗೆ ಬರೆದಿರಬೇಕೆಂದು ಭಾವಿಸುತ್ತಾರೆ. ತಮ್ಮ ಮೊದಲ ಪ್ರಯತ್ನ ವಿಫಲವಾದೊಡನೆ ಈ ವಿದ್ಯೆ ತಮ್ಮ ಪಾಲಿನದಲ್ಲವೆಂದು ಕೈಬಿಡುತ್ತಾರೆ. ಈ ನಷ್ಟವನ್ನು ತಪ್ಪಿಸಬಲ್ಲುದು ಪ್ರಾತ್ಯಕ್ಷಿಕೆ. ಎಂದರೆ, ಬಲ್ಲವರು ನಮ್ಮೆದುರಿನಲ್ಲಿಯೇ, ಯೋಚಿಸುವುದನ್ನೂ ಬಾಯಿಬಿಟ್ಟು ಹೇಳುತ್ತ, ಬರೆದು ತೋರಿಸುವುದು.

ಒಂದು ಉದಾಹರಣೆಯನ್ನು ನೋಡೋಣ. 1ರಿಂದ 10ರವರೆಗಿನ ಸಂಖ್ಯೆಗಳನ್ನು ಕೂಡಿಸಬೇಕಾಗಿದೆ. ಉಪಾಧ್ಯಾಯರು ಪೈಥಾನ್ ಭಾಷೆಯಲ್ಲಿ 'ರೇಂಜ್' ಎಂಬ ಪದದ ಮುಂದೆ 1 ಮತ್ತು 10 ಎಂಬ ಎಲ್ಲೆಗಳನ್ನು ಬರೆದು, ಕ್ರಮವಿಧಿಯನ್ನು ಓಡಿಸುತ್ತಾರೆ. ಬರಬೇಕಾದುದು 55, ಬಂದುದು 45. ಯಂತ್ರವೇನೂ ದೂರು ಹೇಳುವುದಿಲ್ಲ. ಈಗ ಅವರೇನು ಮಾಡುತ್ತಾರೆಂಬುದೇ ನಿಜವಾದ ಪಾಠ. ಬರೆದುದನ್ನೆಲ್ಲ ಅವರು ಅಳಿಸುವುದಿಲ್ಲ, ಲೆಕ್ಕವನ್ನು ಚಿಕ್ಕದಾಗಿಸುತ್ತಾರೆ. 10ರ ಸ್ಥಾನದಲ್ಲಿ 3ನ್ನು ಇಟ್ಟಾಗ 6ರ ಬದಲು 3 ಬರುತ್ತದೆ. ಕೊನೆಯ ಸಂಖ್ಯೆ ಸೇರುತ್ತಿಲ್ಲ! ಪೈಥಾನ್ ಮೇಲಿನ ಎಲ್ಲೆಯನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. 10ರ ಬದಲು 11 ಎಂದು ಬರೆದರೆ 55 ಬರುತ್ತದೆ. ತಿದ್ದಿದ ಕ್ರಮವಿಧಿಯಲ್ಲಿ ಈ ಹುಡುಕಾಟದ ಗುರುತೇ ಉಳಿದಿರುವುದಿಲ್ಲ. ಅದನ್ನು ಕಣ್ಣಾರೆ ಕಂಡವನಿಗೆ ಮಾತ್ರ ಅದು ದಕ್ಕುತ್ತದೆ.

ಆದರೆ ನೋಡುವುದಕ್ಕೂ ಒಂದು ಮಿತಿಯುಂಟು. 1985ರಲ್ಲಿ ಸ್ವೆಲರ್ ಮತ್ತು ಕೂಪರ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು ಬೀಜಗಣಿತದ ಕಲಿಕೆಯನ್ನು ಕುರಿತು ಅಧ್ಯಯನವೊಂದನ್ನು ಪ್ರಕಟಿಸಿದರು. ಬಿಡಿಸಿಟ್ಟ ಲೆಕ್ಕಗಳನ್ನು ಗಮನವಿಟ್ಟು ಓದಿದವರು ಅದೇ ಮಾದರಿಯ ಲೆಕ್ಕಗಳನ್ನು ಬೇಗನೆ ಬಿಡಿಸಿದರು. ಲೆಕ್ಕದ ರೂಪ ಬದಲಾದಾಗ ಆ ಮೇಲುಗೈ ಉಳಿಯಲಿಲ್ಲ. ಆದುದರಿಂದ ಸಿನಿಮಾ ನೋಡಿದಂತೆ ನೋಡಿದರೆ ಸಾಲದು. ಕ್ರಮವಿಧಿಯನ್ನು ಓಡಿಸುವ ಮುನ್ನ ಉತ್ತರವೇನು ಬಂದೀತೆಂದು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಬೇಕು. ಅನಂತರ, ಸಮಸಂಖ್ಯೆಗಳನ್ನು ಮಾತ್ರ ಕೂಡಿಸುವ ಕ್ರಮವಿಧಿಯೊಂದನ್ನು ತಾವೇ ರಚಿಸಬೇಕು. ಶಾಲೆಯಲ್ಲಿ ಗಣಕಯಂತ್ರ ಒಂದೇ ಇದ್ದರೂ ಮೊದಲನೆಯ ಕೆಲಸಕ್ಕೆ ಅಡ್ಡಿಯಿಲ್ಲ. ಎರಡನೆಯದಕ್ಕೆ ಸರದಿ ಬೇಕಾದೀತು; ಆ ಸರದಿ ಹಿಂದಿನ ಬೆಂಚಿನಿಂದ ಆರಂಭವಾಗಲಿ.