ಅನ್ಯಾಯದ ಕಾನೂನಿಗೆ ತಲೆಬಾಗಬೇಕೆ?

ಅನ್ಯಾಯವೆಂದು ತೋರಿದ ಕಾನೂನನ್ನು ಪ್ರಜೆಯು ಪಾಲಿಸಬೇಕೆ, ಮೀರಬೇಕೆ? 2020ರಲ್ಲಿ ಮೂರು ಕೃಷಿ ಕಾಯ್ದೆಗಳನ್ನು ವಿರೋಧಿಸಿ ರೈತರು ದೆಹಲಿಯ ಗಡಿಗಳಲ್ಲಿ ಕುಳಿತರು. 2021ರ ನವೆಂಬರಿನಲ್ಲಿ ಸಂಸತ್ತು ಆ ಕಾಯ್ದೆಗಳನ್ನು ಹಿಂಪಡೆಯಿತು. ಅಂದು ಕೆಲವರಿಗೆ ಪ್ರತಿಭಟನೆಯೆಲ್ಲವೂ ದ್ರೋಹವಾಗಿ ಕಂಡಿತು, ಕೆಲವರಿಗೆ ರಸ್ತೆತಡೆಯೆಲ್ಲವೂ ಸತ್ಯಾಗ್ರಹವಾಗಿ ಕಂಡಿತು. ಪ್ರತಿ ಹೊಸ ಚಳವಳಿಯೊಂದಿಗೆ ಇದೇ ವಾದ ಮರಳಿ ಬರುತ್ತಿದೆ.

ಶರಣ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವು ಅಂದಿನ ವರ್ಣದ ಕಟ್ಟಳೆಯನ್ನು ಮೀರಿತ್ತು. ಶರಣರು ಅದನ್ನು ಮರೆಮಾಚಲಿಲ್ಲ. ಎಳೆಹೂಟೆಯ ಶಿಕ್ಷೆಗೆ ಒಳಗಾದರೆಂದು ಪರಂಪರೆ ಹೇಳುತ್ತದೆ. ಅವರ ಮೊರೆಯನ್ನು ಆಲಿಸುವ ಬೇರೊಂದು ನ್ಯಾಯಪೀಠವಿರಲಿಲ್ಲ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನನ್ನು ಮುರಿದವರಿಗೂ ಆ ಕಾನೂನನ್ನು ಬದಲಿಸುವ ಅಧಿಕಾರವಿರಲಿಲ್ಲ.

ಆದರೆ ದಾರಿಯಿರುವಲ್ಲಿ ಏನು ಮಾಡಬೇಕು? ಇದಕ್ಕೆ ಮಹಾಡದಲ್ಲಿ ಉತ್ತರವಿದೆ. 1927ರ ಮಾರ್ಚಿನಲ್ಲಿ ಡಾ. ಅಂಬೇಡ್ಕರರು ಅಸ್ಪೃಶ್ಯರೆನಿಸಿಕೊಂಡ ಸಾವಿರಾರು ಜನರೊಡನೆ ಚವದಾರ ಕೆರೆಯ ನೀರನ್ನು ಕುಡಿದರು. ಡಿಸೆಂಬರಿನಲ್ಲಿ ಅವರು ಮತ್ತೆ ಸೇರಿದಾಗ, ಸವರ್ಣೀಯರು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ನೆರೆದವರಲ್ಲಿ ಅನೇಕರು ಸೆರೆಮನೆಗೆ ಸಿದ್ಧರಾಗಿದ್ದರೂ ಅಂಬೇಡ್ಕರರು ಅವರನ್ನು ತಡೆದು, ನ್ಯಾಯಾಲಯದಲ್ಲಿಯೇ ಹೋರಾಡಿದರು. 1937ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದಿತು. ಸಂವಿಧಾನದ ಮಾರ್ಗಗಳು ತೆರೆದಿರುವಾಗ ಸತ್ಯಾಗ್ರಹ, ಕಾನೂನುಭಂಗಗಳನ್ನು ಕೈಬಿಡಬೇಕೆಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನುಡಿದವರೂ ಅವರೇ.

ಕುಡಿಯುವ ನೀರಿನ ಹಕ್ಕಿಗಾಗಿ ಹತ್ತು ವರ್ಷ ಕಾಯುವುದು ಸಣ್ಣ ನೋವಲ್ಲ. ತಾಳ್ಮೆಯನ್ನು ಪ್ರಜೆಗಳಿಗೆ ಮಾತ್ರ ಬೋಧಿಸುವುದು ನ್ಯಾಯವಲ್ಲ. ಮೊರೆಯನ್ನು ಕೇಳದ ಆಡಳಿತವೂ ವರ್ಷಗಟ್ಟಲೆ ಎಳೆಯುವ ವಿಚಾರಣೆಯೂ ತೆರೆದ ಮಾರ್ಗವನ್ನು ಹೆಸರಿಗೆ ಮಾತ್ರ ಉಳಿಸುತ್ತವೆ. ಅಂತಹ ಸಂದರ್ಭದಲ್ಲಿ ಅಂತಃಸಾಕ್ಷಿಯು ಕಾನೂನನ್ನು ಮೀರೆಂದರೆ, ಮೀರುವವರು ಬಹಿರಂಗವಾಗಿ, ಅಹಿಂಸೆಯಿಂದ ಮೀರಬೇಕು. ಶಿಕ್ಷೆಯನ್ನು ತಾವೇ ಹೊರಬೇಕು. ಅದರ ಬೆಲೆಯನ್ನು ದಿನಗೂಲಿಯವನೋ ಆಸ್ಪತ್ರೆಗೆ ಹೊರಟ ರೋಗಿಯೋ ತೆರುವಂತಾದರೆ, ಅದು ಇನ್ನೊಂದು ಅನ್ಯಾಯ.

ಆದುದರಿಂದ ಭಕ್ತಬಾಂಧವರು ಯಾವ ಹೋರಾಟವನ್ನಾದರೂ ಬೆಂಬಲಿಸುವ ಅಥವಾ ಹಳಿಯುವ ಮೊದಲು ಎರಡನ್ನು ವಿಚಾರಿಸಲಿ: ಬೇರೆ ದಾರಿಗಳನ್ನು ಪ್ರಾಮಾಣಿಕವಾಗಿ ಹಿಡಿದು ನೋಡಿದ್ದಾರೆಯೇ? ಇದರ ನೋವನ್ನು ಉಣ್ಣುವವರು ಯಾರು?