ತರುವುದೋ, ಒಯ್ಯುವುದೋ?

ಸೇಲಂ, ಧರ್ಮಪುರಿ ಕಡೆಯ ನಮ್ಮ ವ್ಯಾಪಾರದ ಮನೆಗಳ ಮಕ್ಕಳು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಇದು ದೊಡ್ಡ ಸಂಪತ್ತೇ. ಆದರೆ ಒಂದು ಭಾಷೆಯ ಮಾತನ್ನು ಪದಕ್ಕೆ ಪದವಾಗಿ ಇನ್ನೊಂದಕ್ಕೆ ಸಾಗಿಸಿದರೆ ಸರಕು ತಪ್ಪು ವಿಳಾಸಕ್ಕೆ ಹೋಗುವುದುಂಟು. ಈ ತಿಂಗಳು ಅಂಥ ಎರಡು ಪದಗಳನ್ನು ನೋಡೋಣ: ‘ಬ್ರಿಂಗ್’ ಮತ್ತು ‘ಟೇಕ್’.

ಎರಡರಲ್ಲೂ ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಹೇಳುವವರು ಅಥವಾ ಕೇಳುವವರು ಇರುವಲ್ಲಿಗೆ ಬರುವುದಾದರೆ ‘ಬ್ರಿಂಗ್’. ಬೇರೆಡೆಗೆ ಹೋಗುವುದಾದರೆ ‘ಟೇಕ್’. ನಮ್ಮ ‘ತರು’, ‘ಒಯ್ಯು’ ಇದ್ದ ಹಾಗೆ.

ಹಾಗಿದ್ದೂ ಮಕ್ಕಳು ಎಡವುವುದೇಕೆ? ನಿತ್ಯದ ಮಾತಿನಲ್ಲಿ ನಾವು ‘ತಗೊಂಡು ಬಾ’, ‘ತಗೊಂಡು ಹೋಗು’ ಎನ್ನುತ್ತೇವೆ. ತಮಿಳಿನಲ್ಲೂ ‘ಎಡುತ್ತುಟ್ಟು ವಾ’, ‘ಎಡುತ್ತುಟ್ಟು ಪೋ’. ಎರಡಕ್ಕೂ ತಲೆ ಒಂದೇ, ಬಾಲ ಬೇರೆ. ಮಗು ತಲೆಯನ್ನಷ್ಟೇ ಹಿಡಿದು ಎರಡಕ್ಕೂ ‘ಟೇಕ್’ ಎನ್ನುತ್ತದೆ. ಕೆಲವೊಮ್ಮೆ ‘ಟೇಕ್ ಅಂಡ್ ಕಮ್’ ಎಂದು ಬಾಲವನ್ನೂ ಅಂಟಿಸುತ್ತದೆ. ತಾಯಂದಿರು ಕಲಿಸಬೇಕಾದ ಸೂತ್ರ ಸುಲಭ: ಬಾಲ ನೋಡಿ. ‘ಬಾ’ ಇದ್ದರೆ ‘ಬ್ರಿಂಗ್’, ‘ಹೋಗು’ ಇದ್ದರೆ ‘ಟೇಕ್’.

ಮಾರ್ಕಿನ ಮಾತು ಹಾಗಿರಲಿ, ಅಂಗಡಿಯ ಪತ್ರದಲ್ಲಿ ಈ ತಪ್ಪು ದುಡ್ಡಿಗೇ ಬರುತ್ತದೆ. ಸೇಲಂನ ಬೆಳ್ಳಿ ವ್ಯಾಪಾರಿಯೊಬ್ಬರು ಇಪ್ಪತ್ತು ಜೊತೆ ಕಾಲ್ಗೆಜ್ಜೆಯನ್ನು ಧರ್ಮಪುರಿಯ ಗಿರಾಕಿಗೆ ತೋರಿಸಲು ತರುವವರಿದ್ದಾರೆ ಎನ್ನಿ. ‘ಐ ವಿಲ್ ಟೇಕ್ ಟ್ವೆಂಟಿ ಪೇರ್ಸ್’ ಎಂದು ಬರೆದರೆ, ‘ಇಪ್ಪತ್ತು ಜೊತೆ ಕೊಳ್ಳುತ್ತೇನೆ’ ಎಂದೇ ಓದಬಹುದು. ವ್ಯಾಪಾರದಲ್ಲಿ ‘ಟೇಕ್’ ಎಂದರೆ ಖರೀದಿಗೆ ಒಪ್ಪಿದೆ ಎಂಬ ಅರ್ಥವೂ ಇದೆ. ಮಾಲು ವಾಪಸಿನ ಮಾತಿನಲ್ಲೂ ಹೀಗೆಯೇ. ‘ವಿ ವಿಲ್ ಟೇಕ್ ಇಟ್ ಬ್ಯಾಕ್’ ಎಂದರೆ ನಾವು ವಾಪಸು ಪಡೆಯುತ್ತೇವೆ ಎಂದು. ‘ಬ್ರಿಂಗ್ ಇಟ್ ಬ್ಯಾಕ್’ ಎಂದರೆ ನೀವೇ ತಂದುಕೊಡಿ ಎಂದು. ತೊಪ್ಪೂರು ಘಾಟಿ ದಾಟಿಸುವ ಲಾರಿ ಬಾಡಿಗೆ ಯಾರ ತಲೆಗೆ ಎಂಬ ಜಗಳ ಇಲ್ಲಿಂದಲೇ ಹುಟ್ಟೀತು.

ಈ ದಿಕ್ಕಿನ ವಿವೇಕ ಇಂಗ್ಲಿಷರದು ಮಾತ್ರವಲ್ಲ. 13ನೇ ಶತಮಾನದ ಜೈನ ಮುನಿ ಪವಣಂದಿ ತಮ್ಮ ತಮಿಳು ವ್ಯಾಕರಣ ‘ನನ್ನೂಲ್’ನಲ್ಲಿ ಇದನ್ನು ಸೂತ್ರವಾಗಿಯೇ ಹೇಳಿದ್ದಾರೆ. ‘ತಾ’, ‘ವಾ’ ಎಂಬ ಮಾತುಗಳು ನಾನು, ನೀನು ಇರುವ ಕಡೆಗೆ; ‘ಕೊಡು’, ‘ಹೋಗು’ ಎಂಬವು ಮೂರನೆಯವರ ಕಡೆಗೆ. ಅದಕ್ಕೂ ಬಹಳ ಹಿಂದಿನ ‘ತೊಲ್ಕಾಪ್ಪಿಯಂ’ ಕೂಡ ಇದನ್ನೇ ಹೇಳುತ್ತದೆ. ಒಂದು ಎಚ್ಚರಿಕೆ: ತಮಿಳಿನ ‘ತಾ’ ಎಂದರೆ ಕೊಡು, ಕನ್ನಡದ ‘ತಾ’ ಎಂದರೆ ತೆಗೆದುಕೊಂಡು ಬಾ.

ಇನ್ನೊಂದು ಮಾತು. ಹೊರಡುವಾಗ ಬರಿದೇ ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ಶುಭವಲ್ಲ, ‘ಬರುತ್ತೇನೆ’ ಎನ್ನುತ್ತೇವೆ. ತಮಿಳರೂ ‘ಪೋಯಿಟ್ಟು ವರೇನ್’ ಎನ್ನುತ್ತಾರೆ. ಅದನ್ನೇ ‘ಐ ಆಮ್ ಕಮಿಂಗ್’ ಎಂದು ಇಂಗ್ಲಿಷಿಗೆ ಇಳಿಸಿದರೆ, ಹೊರಟವನು ಇನ್ನೂ ಬರಲಿದ್ದಾನೆ ಎಂದಾಗುತ್ತದೆ. ಅಲ್ಲಿ ‘ಐ ಆಮ್ ಲೀವಿಂಗ್’ ಎಂದರೆ ಸಾಕು. ಅದರಲ್ಲಿ ಅಶುಭವೇನೂ ಇಲ್ಲ.

ಮಕ್ಕಳಿಗೆ ಅಭ್ಯಾಸ: ಇವನ್ನು ಇಂಗ್ಲಿಷಿನಲ್ಲಿ ಹೇಳಿ.

1. ಮನೆಯಲ್ಲಿ ಅಮ್ಮ: ‘ಈ ಡಬ್ಬಿ ಅಂಗಡಿಗೆ ತಗೊಂಡು ಹೋಗು.’
2. ಅಂಗಡಿಯಿಂದ ಅಪ್ಪ, ಫೋನಿನಲ್ಲಿ: ‘ಡಬ್ಬಿ ತಗೊಂಡು ಬಾ.’
3. ಮಗ, ಅಪ್ಪನಿಗೆ: ‘ನಾನೇ ತರುತ್ತೇನೆ ಅಪ್ಪಾ.’

ಉತ್ತರ: ಮೊದಲನೆಯದಕ್ಕೆ ‘ಟೇಕ್’, ಉಳಿದೆರಡಕ್ಕೆ ‘ಬ್ರಿಂಗ್’. ಡಬ್ಬಿ ಒಂದೇ, ದಾರಿ ಒಂದೇ. ಹೇಳುವವರು, ಕೇಳುವವರು ಎಲ್ಲಿದ್ದಾರೆಂಬುದು ಮಾತ್ರ ಬೇರೆ.