ಬಿಲ್ಲಿನಲ್ಲಿ ಕಾಣದ ಟ್ಯಾಕ್ಸು

2025ರ ಏಪ್ರಿಲ್ ಮೊದಲ ವಾರ ತಿಪಟೂರಿನಿಂದ ಮಾವನ ಫೋನ್ ಬಂತು. ಮಾವ ಅಂದ್ರೆ ಅಮ್ಮನ ತಮ್ಮ. ಸಾಮಾನ್ಯವಾಗಿ ಅವರು ಫೋನ್ ಮಾಡೋದು ಎರಡೇ ಕಾರಣಕ್ಕೆ. ಒಂದು ನನ್ನ ಮದುವೆ ವಿಷಯ, ಇನ್ನೊಂದು ಮೊಬೈಲಲ್ಲಿ ಏನೋ ಅಪ್‌ಡೇಟ್ ಕೇಳ್ತಿದೆ, ಒತ್ತಲೋ ಬೇಡವೋ ಅಂತ. ಈ ಸಲ ಎರಡೂ ಅಲ್ಲ.

“ಗಾಡಿ ಕೊಟ್ಬಿಡೋಣ ಅಂತ ಇದೀನಿ ಕಣೋ.”

ಗಾಡಿ ಅಂದ್ರೆ ಅವರ ಆರು ಚಕ್ರದ ಲಾರಿ. ತಿಪಟೂರಿನಿಂದ ಬೆಂಗಳೂರಿಗೆ ತೆಂಗಿನಕಾಯಿ ಲೋಡು, ವಾಪಸ್ ಬರುವಾಗ ಸಿಕ್ಕರೆ ಸಿಮೆಂಟೋ ಹಿಂಡಿಯೋ, ಸಿಗದಿದ್ದರೆ ಖಾಲಿ. ಡ್ರೈವರ್ರೂ ಅವರೇ, ಓನರ್ರೂ ಅವರೇ. ನನ್ನ ಇಂಜಿನಿಯರಿಂಗ್ ಹಾಸ್ಟೆಲ್ ಫೀಸು ಬಂದದ್ದು ಇದಕ್ಕಿಂತ ಮುಂಚೆ ಇದ್ದ ಲಾರಿಯ ದುಡಿಮೆಯಿಂದ. ಈಗಿನ ಲಾರಿಯ ಸಾಲಕ್ಕೆ ನಾನು ಜಾಮೀನು ಹಾಕಿದ್ದೀನಿ. ಹಾಗಾಗಿ “ಯಾಕೆ ಮಾವ, ಏನಾಯ್ತು?” ಅಂತ ಕೇಳಿದಾಗ ನನ್ನ ದನಿಯಲ್ಲಿ ಪ್ರೀತಿ ಎಷ್ಟಿತ್ತೋ ಸಿಬಿಲ್ ಸ್ಕೋರಿನ ಭಯವೂ ಅಷ್ಟೇ ಇತ್ತು ಅಂತ ಒಪ್ಪಿಕೊಳ್ತೀನಿ.

“ಡೀಸೆಲ್‌ಗೆ ಮತ್ತೆ ಎರಡು ರೂಪಾಯಿ ಹಾಕಿದಾರೆ. ಮಂಡಿಯೋರು ಬಾಡಿಗೆ ಏರಿಸಲ್ಲ ಅಂತಾರೆ.”

ಆಡಬಾರದ ಮಾತು ಆಡಿದೆ. “ಎರಡೇ ರೂಪಾಯಿ ತಾನೇ ಮಾವ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಹೂಂ, ಎರಡೇ” ಅಂದು ಫೋನ್ ಇಟ್ಟರು.

ಆ “ಹೂಂ” ತಲೆಯಿಂದ ಹೋಗಲಿಲ್ಲ. ಶನಿವಾರ ಬೆಳಗ್ಗೆ ಎಕ್ಸೆಲ್ ತೆಗೆದು ಕೂತೆ. ನಮ್ಮಂಥವರಿಗೆ ತಪ್ಪಾಯ್ತು ಅನಿಸಿದರೆ ಕ್ಷಮೆ ಕೇಳೋದಕ್ಕಿಂತ ಶೀಟ್ ಮಾಡೋದು ಸುಲಭ.

ಹೋಗಿ ಬರೋಕೆ ಸುಮಾರು 280 ಕಿಲೋಮೀಟರ್. ಲೋಡಿನ ಲಾರಿ, ಲೀಟರಿಗೆ ಐದೂವರೆ ಕೊಟ್ಟರೆ ಹೆಚ್ಚು. ಅಂದ್ರೆ ಟ್ರಿಪ್ಪಿಗೆ 50 ಲೀಟರ್ ಹಿಡಿಯಿರಿ. ತಿಂಗಳಿಗೆ 16 ಟ್ರಿಪ್. 2024ರ ಜೂನ್ 15ಕ್ಕೆ ಮುಂಚೆ ಬೆಂಗಳೂರಿನಲ್ಲಿ ಡೀಸೆಲ್ 85.93 ರೂಪಾಯಿ ಇತ್ತು. ಅವತ್ತು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ಕ್ಕೆ ಅದು 21.17 ಆಯ್ತು. ರೇಟು ಲೀಟರಿಗೆ 91 ರೂಪಾಯಿಗೆ ಬಂತು. ಹತ್ತು ತಿಂಗಳಲ್ಲಿ ಏರಿದ್ದು ಐದು ರೂಪಾಯಿ, ಟ್ರಿಪ್ಪಿಗೆ 250, ತಿಂಗಳಿಗೆ 4,000.

ಸಾಲದ ಕಂತು, ಟೈರು, ಇನ್ಶೂರೆನ್ಸು, ಟೋಲು ಎಲ್ಲಾ ಕಳೆದು ಮಾವನಿಗೆ ಕೈಯಲ್ಲಿ ಉಳಿಯೋದು 25 ಸಾವಿರದ ಆಸುಪಾಸು. ಅದರಲ್ಲಿ ನಾಲ್ಕು ಸಾವಿರ ಹೋಯ್ತು. ನನ್ನ ಸಂಬಳದಲ್ಲಿ ಆರನೇ ಒಂದು ಭಾಗ ಕಟ್ ಆಗಿದ್ದರೆ ನಾನು “ಹೂಂ” ಅಂದು ಸುಮ್ಮನಿರ್ತಿರಲಿಲ್ಲ. ಅವತ್ತೇ ಲಿಂಕ್ಡ್‌ಇನ್ ತೆಗೀತಿದ್ದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದ್ರೆ ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿಸಿದೆ: ಲೀಟರಿಗೆ ಒಟ್ಟು ತೆರಿಗೆ ಎಷ್ಟು?

ಆಗ ಕೇಂದ್ರದ ಎಕ್ಸೈಸ್ ಲೀಟರ್ ಡೀಸೆಲ್‌ಗೆ 17.80 ರೂಪಾಯಿ ಇತ್ತು. ಇದರಲ್ಲಿ 2 ರೂಪಾಯಿ 2025ರ ಏಪ್ರಿಲ್ 8ರಿಂದ ಸೇರಿದ್ದು. ಅದನ್ನ ಪೆಟ್ರೋಲ್ ಕಂಪನಿಗಳೇ ನುಂಗಿಕೊಂಡವು, ಬಂಕಿನ ರೇಟು ಏರಲಿಲ್ಲ. ರಾಜ್ಯದ ತೆರಿಗೆ ನನ್ನ ಲೆಕ್ಕದಲ್ಲಿ 15ರಿಂದ 16 ರೂಪಾಯಿ. ಒಟ್ಟು ಹತ್ತಿರಹತ್ತಿರ 33. ಟ್ರಿಪ್ಪಿಗೆ 1,650. ತಿಂಗಳಿಗೆ 26,400. ವರ್ಷಕ್ಕೆ ಮೂರು ಲಕ್ಷದ ಮೇಲೆ.

ಎರಡು ಸಲ ಫಾರ್ಮುಲಾ ಚೆಕ್ ಮಾಡಿದೆ. ಮಾವ ಮನೆಗೆ ತರೋದಕ್ಕಿಂತ ಹೆಚ್ಚು ದುಡ್ಡು ಅವರ ಟ್ಯಾಂಕಿನಿಂದ ಸರ್ಕಾರಗಳಿಗೆ ಹೋಗ್ತಿದೆ. ಫೆಬ್ರವರಿ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂದಾಗ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಹಬ್ಬ. “ಈ ದೇಶದಲ್ಲಿ ಟ್ಯಾಕ್ಸ್ ಕಟ್ಟೋರು ನಾವು ಮಾತ್ರ” ಅನ್ನೋ ಮೀಮನ್ನು ನಾನೂ ಫಾರ್ವರ್ಡ್ ಮಾಡಿದ್ದೆ. ಮಾವನಿಗೂ ಹೋಗಿತ್ತು ಅದು. ಥಂಬ್ಸ್ ಅಪ್ ಹಾಕಿದ್ದರು, ಪಾಪ.

ನ್ಯಾಯವಾಗಿ ಹೇಳಬೇಕಂದ್ರೆ ಈ ಮೂರು ಲಕ್ಷವೂ ಅವರ ಜೇಬಿನದ್ದಲ್ಲ. ಒಂದಷ್ಟು ಬಾಡಿಗೆಯಲ್ಲಿ ಸೇರಿರುತ್ತೆ, ಬಾಡಿಗೆ ತೆಂಗಿನಕಾಯಿ ಬೆಲೆಯಲ್ಲಿ, ಕೊನೆಗೆ ನಮ್ಮನೆ ಚಟ್ನಿಯಲ್ಲಿ. ಆದ್ರೆ ಎಷ್ಟು ಭಾಗ ದಾಟಿಸಬಹುದು ಅನ್ನೋದು ಎದುರುಗಡೆ ಕೂತವರ ಜೊತೆ ಎಷ್ಟು ಗಟ್ಟಿಯಾಗಿ ಮಾತಾಡಬಹುದು ಅನ್ನೋದರ ಮೇಲೆ ನಿಂತಿದೆ. ಐವತ್ತು ಲಾರಿ ಇರೋ ಟ್ರಾನ್ಸ್‌ಪೋರ್ಟ್ ಕಂಪನಿ ಅಗ್ರಿಮೆಂಟಲ್ಲೇ ಡೀಸೆಲ್ ಏರಿದರೆ ಬಾಡಿಗೆ ಏರಬೇಕು ಅಂತ ಬರೆಸಿಕೊಳ್ಳುತ್ತೆ. ಒಂದು ಲಾರಿಯವರಿಗೆ ಅಗ್ರಿಮೆಂಟೇ ಇಲ್ಲ. 2025ರಲ್ಲಿ ಕಾಯಿ ರೇಟು ಗಗನಕ್ಕೇರಿತ್ತು, ಆದ್ರೂ ಮಾವನ ಬಾಡಿಗೆ ಕೊನೇ ಸಲ ಏರಿದ್ದು 2023ರ ದೀಪಾವಳಿಗೆ.

ಇನ್ನೊಂದು ವಿಷಯ ಇದೆ. ಸ್ವಲ್ಪ ಬೋರು, ಆದ್ರೆ ಮುಖ್ಯ. ನಮ್ಮ ಕಂಪನಿ ನನಗೊಂದು ಲ್ಯಾಪ್‌ಟಾಪ್ ಕೊಂಡರೆ ಅದಕ್ಕೆ ಕಟ್ಟಿದ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಇನ್‌ಪುಟ್ ಕ್ರೆಡಿಟ್ ಅಂತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್ಲನ್ನು ಹೊರಗಿಟ್ಟರು. ಹಾಗಾಗಿ ಡೀಸೆಲ್ ಮೇಲೆ ಕಟ್ಟಿದ ತೆರಿಗೆ ಯಾರಿಗೂ ಕ್ರೆಡಿಟ್ ಆಗಿ ವಾಪಸ್ ಬರಲ್ಲ. ಅದು ಬೆಲೆಯೊಳಗೆ ಕೂತು, ಅದರ ಮೇಲೆ ಮುಂದಿನ ತೆರಿಗೆ ಬೀಳುತ್ತೆ. ರಾಜ್ಯದ ಶೇಕಡಾ ತೆರಿಗೆಯೂ ಕೇಂದ್ರದ ಎಕ್ಸೈಸ್ ಸೇರಿದ ಬೆಲೆಯ ಮೇಲೇ ಲೆಕ್ಕ. ಟ್ಯಾಕ್ಸಿಗೆ ಟ್ಯಾಕ್ಸು. ನಾನು ಈ ಥರ ಕೋಡ್ ಬರೆದರೆ ರಿವ್ಯೂನಲ್ಲಿ ಪಾಸಾಗಲ್ಲ.

ಹಾಗಾದ್ರೆ ಬೈಯೋದು ಯಾರಿಗೆ? ಊರಲ್ಲಿ ಇದಕ್ಕೆ ಉತ್ತರ ರೆಡಿ ಇರುತ್ತೆ. ಯಾವ ಪಕ್ಷಕ್ಕೆ ವೋಟ್ ಹಾಕ್ತೀರೋ ಅದರ ಎದುರು ಪಕ್ಷದವರಿಗೆ.

2014ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಎಕ್ಸೈಸ್ 3.56 ರೂಪಾಯಿ. ನನ್ನ ಶೀಟಿನ 17.80 ಅದರ ಸರಿಯಾಗಿ ಐದು ಪಟ್ಟು, ಭಾಗಿಸಿ ನೋಡಿ. ಆ ವರ್ಷದ ನವೆಂಬರ್‌ನಿಂದ 2016ರ ಜನವರಿ ತನಕ ಕಚ್ಚಾತೈಲದ ಬೆಲೆ ಕುಸೀತಾ ಇತ್ತು. ಅಷ್ಟರಲ್ಲಿ ಎಕ್ಸೈಸ್ ಒಂಬತ್ತು ಸಲ ಏರಿತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ ತೈಲ ಕೇಳೋರೇ ಇಲ್ಲದಾಗ, ಒಂದೇ ರಾತ್ರಿ ಡೀಸೆಲ್‌ಗೆ 13 ರೂಪಾಯಿ, ಪೆಟ್ರೋಲ್‌ಗೆ 10. ನಾನು ಮನೆಯಿಂದ ಕೆಲಸ ಮಾಡ್ತಿದ್ದೆ, ಬೈಕ್ ಧೂಳು ಹಿಡಿದಿತ್ತು, ಗೊತ್ತೇ ಆಗಲಿಲ್ಲ. ಆಮೇಲೆ 2021ರ ನವೆಂಬರ್ ಮತ್ತು 2022ರ ಮೇನಲ್ಲಿ ಇಳಿಸಿದರು, ಅದೂ ನಿಜ. ಆದ್ರೆ ತೈಲ ಅಗ್ಗವಾದಾಗ ಆ ಲಾಭ ಬಂಕಿನ ತನಕ ಪೂರ್ತಿ ಬಂದಿದ್ದು ನನ್ನ ನೆನಪಲ್ಲಿಲ್ಲ.

ರಾಜ್ಯ ಯಾಕೆ ಏರಿಸುತ್ತೆ ಅನ್ನೋದಕ್ಕೂ ಈ 17.80ರಲ್ಲೇ ಒಂದು ಉತ್ತರ ಇದೆ. ಅದರಲ್ಲಿ ಮೂಲ ಎಕ್ಸೈಸ್ ಬರೀ 1.80. ಉಳಿದ 16 ರೂಪಾಯಿ ವಿಶೇಷ ಸುಂಕ, ಕೃಷಿ ಸೆಸ್, ರಸ್ತೆ ಸೆಸ್ ಅನ್ನೋ ಹೆಸರಿನಲ್ಲಿತ್ತು. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿರೋದು ಮೂಲ ಎಕ್ಸೈಸ್ ಮಾತ್ರ. 15ನೇ ಹಣಕಾಸು ಆಯೋಗದ ಪ್ರಕಾರ ಅದರ ಶೇ. 41, ಅಂದ್ರೆ ಎಲ್ಲಾ ರಾಜ್ಯಗಳಿಗೂ ಸೇರಿ 74 ಪೈಸೆ. ಅದರಲ್ಲಿ ಕರ್ನಾಟಕದ ಪಾಲು 2025ರಲ್ಲಿ ಶೇ. 3.647 ಇತ್ತು. ಲೀಟರಿಗೆ ಮೂರು ಪೈಸೆಗೂ ಕಮ್ಮಿ.

ಜಿಎಸ್‌ಟಿ ಬಂದಮೇಲೆ ರಾಜ್ಯಕ್ಕೆ ತನ್ನಿಷ್ಟದಂತೆ ತಿರುಗಿಸೋಕೆ ಉಳಿದಿರೋ ನಲ್ಲಿಗಳು ಕೆಲವೇ: ಇಂಧನ, ಮದ್ಯ, ನೋಂದಣಿ, ವಾಹನ ತೆರಿಗೆ. ದುಡ್ಡು ಬೇಕಾದಾಗ, ಅದು ಗ್ಯಾರಂಟಿಗೋ ರಸ್ತೆಗೋ ಸಂಬಳಕ್ಕೋ, ಕೈ ಹೋಗೋದು ಅಲ್ಲಿಗೇ. “2021ರಲ್ಲಿ ಶೇ. 24 ಇತ್ತು, ಈಗಲೂ ಅದಕ್ಕಿಂತ ಕಮ್ಮಿ” ಅನ್ನೋದು ಸರ್ಕಾರದ ವಾದವಾಗಿತ್ತು. ಅಂಕಿ ಸರಿಯೇ. ಆದ್ರೆ ಬಾಡಿಗೆ ಕೇಳೋಕೆ ಹೋದ ಮಾವನಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಇವೆರಡನ್ನೂ ಜಿಎಸ್‌ಟಿಗೆ ತನ್ನಿ ಅಂತ ವಿರೋಧ ಪಕ್ಷದಲ್ಲಿ ಕೂತವರೆಲ್ಲ ಹೇಳ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಜಿಎಸ್‌ಟಿ ಕೌನ್ಸಿಲ್ ಮುಂದೆ ಈ ವಿಷಯ ಬಂದಾಗ, ಈಗ ಅದಕ್ಕೆ ಸಮಯವಲ್ಲ ಅಂತ ತೀರ್ಮಾನ ಆಯ್ತು. ಅದೇ ತಿಂಗಳು ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಂಧನ ಬೆಲೆ ವಿರೋಧಿಸಿ ಎತ್ತಿನಗಾಡಿಯಲ್ಲಿ ವಿಧಾನಸೌಧಕ್ಕೆ ಹೋದರು. 1973ರಲ್ಲಿ ವಾಜಪೇಯಿ ಇದೇ ಕಾರಣಕ್ಕೆ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದರು. 2024ರ ಜೂನ್‌ನಲ್ಲಿ ಸಿದ್ದರಾಮಯ್ಯ ಸರ್ಕಾರವೇ ಏರಿಸಿದಾಗ ಬೀದಿಗಿಳಿಯೋ ಸರದಿ ಬಿಜೆಪಿಯದ್ದು. ಎತ್ತುಗಳಿಗೆ ಮಾತ್ರ ಎಲ್ಲರ ಕಾಲದಲ್ಲೂ ಕೆಲಸ ಇದೆ.

2018ರ ವಿಧಾನಸಭಾ ಚುನಾವಣೆ ನೆನಪಿದೆಯಾ? ದಿನಾ ಬೆಳಗ್ಗೆ ಬದಲಾಗಬೇಕಿದ್ದ ರೇಟು ಏಪ್ರಿಲ್ 24ರಿಂದ ಹತ್ತೊಂಬತ್ತು ದಿನ ಒಂದು ಪೈಸೆ ಅಲ್ಲಾಡಲಿಲ್ಲ. ಮೇ 12ಕ್ಕೆ ಮತದಾನ ಮುಗೀತು, ಮೇ 14ರಿಂದ ಮತ್ತೆ ಏರೋಕೆ ಶುರು. ಮಾವ ಆ ವರ್ಷ ಹೇಳಿದ್ದು: “ಎಲೆಕ್ಷನ್ ತಿಂಗಳಿಗೊಂದು ಇದ್ರೆ ನಾನು ಎರಡನೇ ಲಾರಿ ತಗೊಳ್ತಿದ್ದೆ.”

ಇಂಧನಕ್ಕೆ ತೆರಿಗೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಐದು ಸೀಟಿನ ಕಾರಲ್ಲಿ ಒಬ್ಬನೇ ಕೂತು ಹೋಗ್ತೀನಿ. 2025ರ ಏಪ್ರಿಲ್‌ನಲ್ಲಿ ಲೀಟರ್ ಪೆಟ್ರೋಲಿನ 102 ರೂಪಾಯಿ ಚಿಲ್ಲರೆಯಲ್ಲಿ 45ರಷ್ಟು ತೆರಿಗೆ ಇತ್ತು, ಕೊಡಲಿ ಬಿಡಿ. ನಾನು ಬಿಡೋ ಹೊಗೆಗೆ, ಮಾಡೋ ಜಾಮಿಗೆ ಅದು ಜಾಸ್ತಿಯೇನಲ್ಲ. ಆದ್ರೆ ಕಾರು ಬಿಡಿಸೋದು ಉದ್ದೇಶವಾಗಿದ್ದರೆ ಬೇರೆ ದಾರಿ ಅಗ್ಗ ಇರಬೇಕಲ್ವಾ? 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಕೊಟ್ಟ ಕಾರಣಗಳಲ್ಲಿ ಡೀಸೆಲ್ ಬೆಲೆಯೂ ಒಂದು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ಆಯ್ತು. ಪಕ್ಕದ ಡೆಸ್ಕಿನವನು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡು ಈ ಟ್ಯಾಕ್ಸಿನಿಂದ ಆಚೆ ಹೋದ. ಉಳ್ಳವರು ಒಬ್ಬೊಬ್ಬರೇ ಹೀಗೆ ಆಚೆ ಹೋದರೆ ಕೊನೆಗೆ ಬಂಕಿನಲ್ಲಿ ನಿಂತಿರೋರು ಮಾವನಂಥವರೇ. ಹತ್ತು ಟನ್ ಕಾಯಿ ಹೊರೋಕೆ ಅವರು ಕೊಳ್ಳಬಹುದಾದ ಬೆಲೆಗೆ ಬ್ಯಾಟರಿ ಲಾರಿ ಇನ್ನೂ ಬಂದಿಲ್ಲ.

ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮುಷ್ಕರ ಆಯ್ತು. ಮಾವನೂ ಗಾಡಿ ನಿಲ್ಲಿಸಿದರು. ಮುಷ್ಕರ ಮುಗೀತು, ಡೀಸೆಲ್ ಎರಡು ರೂಪಾಯಿ ಇಳಿಯಲಿಲ್ಲ. ನಿಂತ ದಿನಗಳ ಬಾಡಿಗೆ ಹೋಯ್ತು, ಕಂತು ಮಾತ್ರ ನಿಲ್ಲಲಿಲ್ಲ.

ಆ ವಾರಾಂತ್ಯ ಊರಿಗೆ ಹೋದೆ. ಶೀಟನ್ನು ಕನ್ನಡದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ದಾರಿಯಲ್ಲಿ ದೋಸೆ ತಿಂದ ಬಿಲ್ಲು ಜೇಬಲ್ಲಿತ್ತು. ಎಸ್‌ಜಿಎಸ್‌ಟಿ ಎರಡೂವರೆ, ಸಿಜಿಎಸ್‌ಟಿ ಎರಡೂವರೆ, ಪೈಸೆ ಲೆಕ್ಕದಲ್ಲಿ ಬರೆದಿತ್ತು. ಮಾವ ಡ್ಯಾಶ್‌ಬೋರ್ಡಿನಿಂದ ಬಂಕಿನ ಬಿಲ್ಲು ತೆಗೆದರು. ಲೀಟರ್, ರೇಟು, ಮೊತ್ತ, ಅಷ್ಟೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಇದರೊಳಗೆ ಟ್ರಿಪ್ಪಿಗೆ ಸಾವಿರದ ಆರುನೂರೈವತ್ತು ಇದೆ ಅಂತೀಯಾ?”

“ಇದೆ ಮಾವ.”

“ಹಾಗಿದ್ರೆ ಬರೀಬೇಕಲ್ವೇನೋ.”

ಪ್ರಿಂಟನ್ನು ನಾಲ್ಕಾಗಿ ಮಡಿಸಿ ಅಂಗಿ ಜೇಬಲ್ಲಿಟ್ಟುಕೊಂಡು ಸೋಮವಾರ ಮಂಡಿಗೆ ಹೋದರು. ನಾನು ಆಫೀಸಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿದ್ದೆ, ಫೋನ್ ಬಂತು. ಮಂಡಿಯವರು ಶೀಟ್ ನೋಡಿದರಂತೆ, ಟೀ ಕುಡಿಸಿದರಂತೆ, ಟ್ರಿಪ್ಪಿಗೆ 100 ರೂಪಾಯಿ ಜಾಸ್ತಿ ಕೊಡ್ತೀನಿ ಅಂದರಂತೆ. ಗಾಡಿ ಮಾರೋ ಮಾತು ದಸರಾ ತನಕ ಮುಂದಕ್ಕೆ.

“ಏರಿದ್ದು ಇನ್ನೂರೈವತ್ತು ಅಲ್ವಾ ಮಾವ? ಉಳಿದ ನೂರೈವತ್ತು?”

“ಅದು ನಂದೇ,” ಅಂದರು. ಹಿಂದೆ ಇಂಜಿನ್ ಸ್ಟಾರ್ಟ್ ಆದ ಸದ್ದು ಕೇಳಿಸಿತು.